ಸರಳ ವಿನ್ಯಾಸ, ಚುರುಕಾದ ತಂತ್ರಾಂಶ: ಕನ್ನಡ ನಿಘಂಟು ಹುಡುಕಾಟದ ಸೇವೆಯೊಂದನ್ನು ಕಟ್ಟುವ ಸಮಗ್ರ ಮಾರ್ಗದರ್ಶಿ

ಸರಳವಾಗಿ ಕಟ್ಟಿದ ತಂತ್ರಾಂಶ ನಿಧಾನವಾಗಿರುತ್ತದೆ, ವೇಗ ಬೇಕೆಂದರೆ ಜಟಿಲತೆಯನ್ನು ಒಪ್ಪಿಕೊಳ್ಳಲೇಬೇಕು ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಬಲವಾಗಿ ಬೇರೂರಿದೆ. ಕೆಲವು ವಿಶೇಷ ಸಂದರ್ಭಗಳಲ್ಲಿ ಅದು ನಿಜವೂ ಹೌದು. ಆದರೆ ನಾವು ದಿನನಿತ್ಯ ಕಟ್ಟುವ ಬಹುಪಾಲು ಸೇವೆಗಳು ನಿಧಾನವಾಗುವುದು ಲೆಕ್ಕಾಚಾರ ಕಠಿಣವಾಗಿರುವುದರಿಂದಲ್ಲ; ಮಾಡಬೇಕಿಲ್ಲದ ಕೆಲಸವನ್ನು ಪ್ರತಿ ವಿನಂತಿಗೂ ಮಾಡುತ್ತಿರುವುದರಿಂದ. ಆ ಅನಗತ್ಯ ಕೆಲಸ ಎಲ್ಲಿ ನಡೆಯುತ್ತಿದೆ ಎಂಬುದು ಕಣ್ಣಿಗೆ ಬೀಳಬೇಕಾದರೆ ವ್ಯವಸ್ಥೆ ಒಬ್ಬರ ತಲೆಯಲ್ಲಿ ಪೂರ್ತಿಯಾಗಿ ಹಿಡಿಯುವಷ್ಟು ಸಣ್ಣದಾಗಿರಬೇಕು. ಸರಳತೆಯನ್ನು ಮೊದಲ ಆದ್ಯತೆಯಾಗಿ ಇಟ್ಟುಕೊಂಡರೆ ವೇಗಕ್ಕೆ ಅರ್ಧ ದಾರಿ ತಾನಾಗಿಯೇ ಸವೆಯುತ್ತದೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇದನ್ನು ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ನಿಜವಾದ ಕೆಲಸದ ಮೂಲಕ ತೋರಿಸುವುದು ಹೆಚ್ಚು ಪ್ರಯೋಜನಕಾರಿ. ಕನ್ನಡ ಪದವನ್ನು ಟೈಪ್ ಮಾಡಿದರೆ ಅದರ ಇಂಗ್ಲಿಷ್ ಅರ್ಥವನ್ನು ತೋರಿಸುವ ಜಾಲತಾಣವೊಂದನ್ನು ಕಟ್ಟೋಣ. ದತ್ತಾಂಶಕ್ಕೂ ಕೊರತೆಯಿಲ್ಲ: ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಸಂಕಲಿಸಿದ ‘ಅಲರ್’ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯೊಂದಿಗೆ ಪ್ರಕಟವಾಯಿತು. ಅದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳೂ 2,40,000ದಷ್ಟು ಅರ್ಥವಿವರಣೆಗಳೂ ಇವೆ. ಈ ಗಾತ್ರವನ್ನೇ ಅಳತೆಗೋಲಾಗಿ ಇಟ್ಟುಕೊಂಡು ಮುಂದಿನ ಹಂತಗಳನ್ನು ವಿವರಿಸುತ್ತೇನೆ. ಯಾವ ಪ್ರೋಗ್ರಾಮಿಂಗ್ ಭಾಷೆಯನ್ನು ಬಳಸುತ್ತೀರಿ ಎಂಬುದು ಇಲ್ಲಿ ಮುಖ್ಯವಲ್ಲ. ಪೈಥಾನ್, ಗೋ, ಜಾವಾ ಯಾವುದಾದರೂ ಆದೀತು.

ಹಂತ 1: ಮಾಡುವುದನ್ನೂ ಮಾಡದಿರುವುದನ್ನೂ ಬರೆದಿಡಿ

ಕೋಡ್ ಬರೆಯುವ ಮೊದಲು ಒಂದು ಪುಟದ ಟಿಪ್ಪಣಿ ಸಿದ್ಧಪಡಿಸಿ. ನಮ್ಮ ಸೇವೆ ಮೂರು ಕೆಲಸ ಮಾಡುತ್ತದೆ: ಟೈಪ್ ಮಾಡುತ್ತಿರುವಾಗ ಪದಗಳನ್ನು ಸೂಚಿಸುತ್ತದೆ, ಪೂರ್ಣ ಪದಕ್ಕೆ ಅರ್ಥ ಕೊಡುತ್ತದೆ, ವಿಭಕ್ತಿ ಪ್ರತ್ಯಯ ಹತ್ತಿದ ಪದ ಬಂದರೆ ಮೂಲಪದವನ್ನು ಊಹಿಸುತ್ತದೆ. ಬಳಕೆದಾರರ ಖಾತೆ, ಅಂಕಿತ ಹಾಕಿಟ್ಟ ಪದಗಳ ಪಟ್ಟಿ, ಉಚ್ಚಾರಣೆಯ ಧ್ವನಿ, ‘ಇಂದಿನ ಪದ’ ಮುಂತಾದವು ಮೊದಲ ಆವೃತ್ತಿಯಲ್ಲಿ ಇರುವುದಿಲ್ಲ. ಈ ಎರಡನೆಯ ಪಟ್ಟಿಯೇ ಹೆಚ್ಚು ಬೆಲೆಯುಳ್ಳದ್ದು. ಖಾತೆ ಬೇಡವೆಂದ ಮೇಲೆ ಲಾಗಿನ್, ಸೆಷನ್, ಗುಪ್ತಪದದ ಸಂಗ್ರಹ, ಮಿಂಚಂಚೆ ಕಳಿಸುವ ವ್ಯವಸ್ಥೆ ಎಲ್ಲವೂ ಒಟ್ಟಿಗೇ ಬಿದ್ದುಹೋಗುತ್ತವೆ, ಮತ್ತು ಸೇವೆ ಓದುವುದಕ್ಕಷ್ಟೇ ಮೀಸಲಾಗುತ್ತದೆ. ಮುಂದೆ ನಾವು ತೆಗೆದುಕೊಳ್ಳುವ ಬಹುಪಾಲು ಸುಲಭ ನಿರ್ಧಾರಗಳು ಈ ಒಂದು ಸಾಲಿನಿಂದ ಹುಟ್ಟುತ್ತವೆ.

ವೇಗವನ್ನೂ ಅಂಕಿಯಲ್ಲೇ ಬರೆಯಬೇಕು. ‘ಬೇಗ ಬರಬೇಕು’ ಎಂಬುದನ್ನು ಪರೀಕ್ಷಿಸಲು ಬರುವುದಿಲ್ಲ. ಬಟನ್ ಒತ್ತಿದ ಸುಮಾರು 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಅದು ತಕ್ಷಣವೇ ಬಂದಂತೆ ಮನುಷ್ಯರಿಗೆ ಅನಿಸುತ್ತದೆ. ಒಂದು ಸೆಕೆಂಡು ದಾಟಿದರೆ ಯೋಚನೆಯ ಓಟ ತುಂಡಾಗುತ್ತದೆ. ಆದ್ದರಿಂದ ಹೀಗೆ ಬರೆದುಕೊಳ್ಳೋಣ: ಸರ್ವರ್ ಒಳಗಿನ ಕೆಲಸ ನೂರಕ್ಕೆ 99 ವಿನಂತಿಗಳಲ್ಲಿ 5 ಮಿಲಿಸೆಕೆಂಡ್ ಮೀರಬಾರದು, ಮೊದಲ ಪುಟದ ಒಟ್ಟು ತೂಕ ಸಂಕುಚಿಸಿದ ಮೇಲೆ 14 ಕಿಲೋಬೈಟ್ ದಾಟಬಾರದು. ಈ 14ರ ಲೆಕ್ಕ ಎಲ್ಲಿಂದ ಬಂತೆಂಬುದನ್ನು ಏಳನೆಯ ಹಂತದಲ್ಲಿ ವಿವರಿಸುತ್ತೇನೆ.

ಹಂತ 2: ಕಾಗದದ ಮೇಲೆ ಗಾತ್ರ ಲೆಕ್ಕ ಹಾಕಿ

ಯೂನಿಕೋಡ್‌ನ ಕನ್ನಡ ವಿಭಾಗದ ಪ್ರತಿಯೊಂದು ಕೋಡ್‌ಪಾಯಿಂಟ್ (ಒಂದು ಅಕ್ಷರಕ್ಕೋ ಸ್ವರಚಿಹ್ನೆಗೋ ಕೊಟ್ಟಿರುವ ಸಂಖ್ಯೆ) ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ ಮೂರು ಬೈಟ್ ಹಿಡಿಯುತ್ತದೆ. ಪದವೊಂದಕ್ಕೆ ಸರಾಸರಿ ಎಂಟು ಕೋಡ್‌ಪಾಯಿಂಟ್ ಎಂದು ಹಿಡಿದರೆ 24 ಬೈಟ್. ಒಂದೂವರೆ ಲಕ್ಷ ಪದಗಳಿಗೆ 36 ಲಕ್ಷ ಬೈಟ್, ಅಂದರೆ 3.6 ಎಂಬಿ. ಅರ್ಥವಿವರಣೆಯೊಂದಕ್ಕೆ 80 ಬೈಟ್ ಎಂದು ಉದಾರವಾಗಿ ಹಿಡಿದರೂ 2,40,000 ವಿವರಣೆಗಳಿಗೆ 19.2 ಎಂಬಿ. ಪದವನ್ನು ಬೇಗ ಹುಡುಕಲು ನೆರವಾಗುವ ಸೂಚಿಗಳನ್ನೂ, ಅಂದರೆ ಇಂಡೆಕ್ಸ್‌ಗಳನ್ನೂ ಸೇರಿಸಿದರೆ 30ರಿಂದ 40 ಎಂಬಿಯೊಳಗೆ ಇಡೀ ನಿಘಂಟು ಮುಗಿಯುತ್ತದೆ.

ಈ ಲೆಕ್ಕಕ್ಕೆ ಐದು ನಿಮಿಷ ಸಾಕು, ಆದರೆ ಅದು ವಿನ್ಯಾಸದ ದಿಕ್ಕನ್ನೇ ತೀರ್ಮಾನಿಸುತ್ತದೆ. ನಲವತ್ತು ಎಂಬಿ ಎಂದರೆ ಫೋನಿನಲ್ಲಿ ತೆಗೆದ ಹತ್ತು-ಹನ್ನೆರಡು ಫೋಟೊಗಳ ಗಾತ್ರ. ಒಂದು ಜಿಬಿ ಮೆಮೊರಿಯ ಅತಿ ಸಣ್ಣ ಬಾಡಿಗೆ ಸರ್ವರ್‌ನಲ್ಲೂ ಇದು ಪೂರ್ತಿಯಾಗಿ ಮೆಮೊರಿಯಲ್ಲೇ ಕುಳಿತಿರುತ್ತದೆ. ದತ್ತಾಂಶವನ್ನು ಹಲವು ಯಂತ್ರಗಳಿಗೆ ಹಂಚುವುದು, ಪ್ರತ್ಯೇಕ ಹುಡುಕಾಟದ ಕ್ಲಸ್ಟರ್, ಇವುಗಳ ಚರ್ಚೆ ಇಲ್ಲಿಗೇ ಮುಗಿಯಿತು. ಲೆಕ್ಕ ಹಾಕದೆ ಚರ್ಚೆಗೆ ಕುಳಿತ ತಂಡಗಳೇ ಹಾಸಿಗೆಯ ಅಳತೆ ನೋಡದೆ ಕಾಲು ಚಾಚುತ್ತವೆ.

ಹಂತ 3: ಅತಿ ಕಡಿಮೆ ಬಿಡಿಭಾಗಗಳನ್ನು ಆರಿಸಿ

ಒಂದು ಪ್ರೋಗ್ರಾಂ, ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನ ಒಂದು ಕಡತ, ಅದರ ಮುಂದೆ ಎಚ್‌ಟಿಟಿಪಿಎಸ್ ನೋಡಿಕೊಳ್ಳುವ ಒಂದು ವೆಬ್ ಸರ್ವರ್. ಇಷ್ಟೇ ಸಾಕು. ರಿಚರ್ಡ್ ಹಿಪ್ 2000ದಲ್ಲಿ ಮೊದಲು ಬಿಡುಗಡೆ ಮಾಡಿದ ಎಸ್‌ಕ್ಯೂಲೈಟ್ ಪ್ರತ್ಯೇಕ ಸರ್ವರ್ ಆಗಿ ಓಡುವುದಿಲ್ಲ. ಅದು ನಮ್ಮ ಪ್ರೋಗ್ರಾಮಿನೊಳಗೇ ಸೇರಿಕೊಳ್ಳುವ ಲೈಬ್ರರಿ. ಇದರ ಪರಿಣಾಮ ದೊಡ್ಡದು. ಬೇರೆ ಯಂತ್ರದಲ್ಲಿರುವ ಡೇಟಾಬೇಸ್‌ಗೆ ಒಂದು ಪ್ರಶ್ನೆ ಕಳಿಸಿ ಉತ್ತರ ಪಡೆಯಲು ಒಂದೇ ಡೇಟಾಸೆಂಟರ್‌ನ ಒಳಗೇ ಸುಮಾರು ಅರ್ಧ ಮಿಲಿಸೆಕೆಂಡ್ ಬೇಕು. ಮೆಮೊರಿಯಿಂದ ಒಂದು ಮೌಲ್ಯ ಓದಲು ಬೇಕಾದದ್ದು ಸುಮಾರು 100 ನ್ಯಾನೊಸೆಕೆಂಡ್. ಎರಡರ ನಡುವೆ ಐದು ಸಾವಿರ ಪಟ್ಟು ಅಂತರವಿದೆ.

ಇದೇ ಕಾರಣಕ್ಕೆ, ಬಹಳ ಜನ ಮೊದಲ ದಿನವೇ ಸೇರಿಸುವ, ಸಿದ್ಧ ಉತ್ತರಗಳನ್ನು ಇಟ್ಟುಕೊಳ್ಳುವ ಪ್ರತ್ಯೇಕ ಕ್ಯಾಶ್ ಸರ್ವರ್ ನಮ್ಮ ಸೇವೆಯನ್ನು ನಿಧಾನ ಮಾಡುತ್ತದೆ. ಕೆಲವೇ ಮೈಕ್ರೊಸೆಕೆಂಡ್‌ಗಳಲ್ಲಿ ಮುಗಿಯುವ ಹುಡುಕಾಟವನ್ನು ತಪ್ಪಿಸಲು 500 ಮೈಕ್ರೊಸೆಕೆಂಡ್‌ಗಳ ಜಾಲದ ಪ್ರಯಾಣ ಮಾಡಿದಂತಾಗುತ್ತದೆ. ಅದರ ಜೊತೆಗೆ ಹಳೆಯ ಉತ್ತರ ಯಾವಾಗ ಅಳಿಸಬೇಕು, ಕ್ಯಾಶ್ ಸರ್ವರ್ ಬಿದ್ದಾಗ ಏನು ಮಾಡಬೇಕು ಎಂಬ ಎರಡು ಹೊಸ ಪ್ರಶ್ನೆಗಳೂ ಬೆನ್ನು ಹತ್ತುತ್ತವೆ.

ಹೊರಗಿನ ಲೈಬ್ರರಿಗಳ ವಿಷಯದಲ್ಲೂ ಇದೇ ಕಟ್ಟುನಿಟ್ಟು ಇರಲಿ. ಪ್ರತಿ ಲೈಬ್ರರಿಯ ಎದುರು ‘ಇದು ಮಾಡುವ ಕೆಲಸದಲ್ಲಿ ನನಗೆ ಬೇಕಾದದ್ದೆಷ್ಟು’ ಎಂದು ಒಂದು ಸಾಲು ಬರೆಯಿರಿ. ಎಸ್‌ಕ್ಯೂಲೈಟ್ ಚಾಲಕ ಬೇಕು, ಯೂನಿಕೋಡ್ ನಾರ್ಮಲೈಸೇಶನ್ ಬೇಕು. ಅದು ಪೈಥಾನ್ ಮತ್ತು ಜಾವಾಗಳಲ್ಲಿ ಭಾಷೆಯ ಜೊತೆಗೇ ಬರುತ್ತದೆ. ಮೂರು ಕ್ವೆರಿಗಳಿಗಾಗಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು) ಒಆರ್‌ಎಂ, ಅಂದರೆ ಕೋಷ್ಟಕಗಳನ್ನು ಪ್ರೋಗ್ರಾಮಿನ ಆಬ್ಜೆಕ್ಟ್‌ಗಳಾಗಿ ಬದಲಿಸುವ ಲೈಬ್ರರಿ, ಬೇಕಿಲ್ಲ.

ಹಂತ 4: ಹುಡುಕುವ ಕೀಲಿಯನ್ನು ಒಮ್ಮೆ, ಒಂದೇ ಕಡೆ ಶುದ್ಧಗೊಳಿಸಿ

ಇಂಗ್ಲಿಷ್ ದತ್ತಾಂಶಕ್ಕೆ ಬರೆದ ಮಾರ್ಗದರ್ಶಿಗಳಲ್ಲಿ ಕಾಣದ, ಆದರೆ ಕನ್ನಡದಲ್ಲಿ ಕೆಲಸ ಮಾಡುವ ಎಲ್ಲರೂ ಎದುರಿಸಬೇಕಾದ ಹಂತವಿದು, ನಿಧಾನವಾಗಿ ನೋಡೋಣ.

‘ದೇವರು’ ಎಂಬ ಪದವನ್ನು ತೆಗೆದುಕೊಳ್ಳಿ. ಇದನ್ನು ದ, ಏತ್ವದ ಚಿಹ್ನೆ, ವ, ರ, ಕೊಂಬು ಎಂದು ಐದು ಕೋಡ್‌ಪಾಯಿಂಟ್‌ಗಳಲ್ಲಿ ಬರೆಯಬಹುದು. ಆಗ 15 ಬೈಟ್. ಏತ್ವದ ಚಿಹ್ನೆಯನ್ನು ಎತ್ವ ಮತ್ತು ದೀರ್ಘ ಎಂದು ಬಿಡಿಸಿ ಆರು ಕೋಡ್‌ಪಾಯಿಂಟ್‌ಗಳಲ್ಲೂ ಬರೆಯಬಹುದು. ಆಗ 18 ಬೈಟ್. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಡೇಟಾಬೇಸ್‌ಗೆ ಅವು ಬೇರೆ ಬೇರೆ ಪದಗಳು. ‘ಕೋಟೆ’ಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಓತ್ವದ ಚಿಹ್ನೆ ಒಂದೇ ಕೋಡ್‌ಪಾಯಿಂಟ್ ಆಗಿಯೂ ಇರಬಹುದು, ಮೂರು ತುಂಡುಗಳಾಗಿಯೂ ಇರಬಹುದು. ಇದಕ್ಕೆ ಯೂನಿಕೋಡ್ ಒದಗಿಸಿರುವ ಪರಿಹಾರ ಎನ್‌ಎಫ್‌ಸಿ ಎಂಬ ನಾರ್ಮಲೈಸೇಶನ್. ಅದು ಇಂಥ ತುಂಡುಗಳನ್ನೆಲ್ಲ ಕೂಡಿಸಿ ಒಂದೇ ರೂಪಕ್ಕೆ ತರುತ್ತದೆ. ಎಸ್‌ಕ್ಯೂಲೈಟ್ ತಾನಾಗಿ ಇದನ್ನು ಮಾಡುವುದಿಲ್ಲ, ನಾವೇ ಮಾಡಬೇಕು.

ಎರಡನೆಯ ತೊಡಕು ಕಣ್ಣಿಗೆ ಕಾಣದ ಅಕ್ಷರಗಳದ್ದು. ‘ಸಾಫ್ಟ್‌ವೇರ್’ ಎಂದು ಬಿಡಿಯಾಗಿ ಕಾಣಲು ಟ ಮತ್ತು ವ ನಡುವೆ ಶೂನ್ಯ ಅಗಲದ ವಿಭಾಜಕ ಇರುತ್ತದೆ. ಕೆಲವರು ಅದಿಲ್ಲದೆ ‘ಸಾಫ್ಟ್ವೇರ್’ ಎಂದು ಟೈಪ್ ಮಾಡುತ್ತಾರೆ. ‘ರ‍್ಯಾಂಕ್’ ಪದದಲ್ಲಿ ಶೂನ್ಯ ಅಗಲದ ಸಂಯೋಜಕವಿರುತ್ತದೆ. ಇವೆರಡೂ ಓದುಗರ ಕಣ್ಣಿಗೆ ಬೇಕು, ಹುಡುಕಾಟಕ್ಕೆ ಬೇಡ. ಆದ್ದರಿಂದ ಪದದ ಕೋಷ್ಟಕದಲ್ಲಿ ಎರಡು ಕಾಲಂ ಇಡಿ: ಒಂದರಲ್ಲಿ ತೋರಿಸಬೇಕಾದ ರೂಪ, ಇನ್ನೊಂದರಲ್ಲಿ ಎನ್‌ಎಫ್‌ಸಿ ಮಾಡಿ, ಶೂನ್ಯ ಅಗಲದ ಅಕ್ಷರಗಳನ್ನೂ ಅಂಚಿನ ಖಾಲಿ ಜಾಗವನ್ನೂ ತೆಗೆದ ಹುಡುಕುವ ಕೀಲಿ.

ಈ ಶುದ್ಧೀಕರಣವನ್ನು ಮಾಡುವ ಫಂಕ್ಷನ್ ಒಂದೇ ಇರಬೇಕು. ದತ್ತಾಂಶ ತುಂಬುವಾಗಲೂ ಬಳಕೆದಾರರ ಪದ ಬಂದಾಗಲೂ ಅದನ್ನೇ ಕರೆಯಬೇಕು. ಎರಡು ಕಡೆ ಎರಡು ಪ್ರತಿಗಳಿದ್ದರೆ ಇಂದಲ್ಲ ನಾಳೆ ಅವು ಬೇರೆಯಾಗುತ್ತವೆ, ಆಗ ಕೆಲವು ಪದಗಳು ನಿಘಂಟಿನಲ್ಲಿದ್ದರೂ ಸಿಗುವುದಿಲ್ಲ, ಮತ್ತು ಯಾವ ದೋಷಸಂದೇಶವೂ ಬರುವುದಿಲ್ಲ. ಮೇಲಿನ ನಾಲ್ಕು ಪದಗಳನ್ನೇ ಮೊದಲ ಪರೀಕ್ಷೆಗಳಾಗಿ ಬರೆದಿಡಿ.

‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟ್ ಎನ್‌ಕೋಡಿಂಗ್‌ನಲ್ಲಿರುವ ಪಠ್ಯ ನಿಮ್ಮ ಬಳಿ ಇದ್ದರೆ ಅದನ್ನು ಕಡತ ತಯಾರಿಸುವಾಗಲೇ ಯೂನಿಕೋಡ್‌ಗೆ ಬದಲಿಸಿ. ತಯಾರಿಯ ಹೊತ್ತಿನಲ್ಲಿ ಒಮ್ಮೆ ಮಾಡಿ ಮುಗಿಸಬಹುದಾದ ಕೆಲಸವನ್ನು ವಿನಂತಿಯ ಹೊತ್ತಿಗೆ ಉಳಿಸಿಕೊಳ್ಳಬಾರದು ಎಂಬುದು ಈ ಇಡೀ ಮಾರ್ಗದರ್ಶಿಯಲ್ಲಿ ಅತಿ ಹೆಚ್ಚು ಸಮಯ ಉಳಿಸುವ ನಿಯಮ.

ಹಂತ 5: ಇಂಡೆಕ್ಸ್ ಬಳಸುವ ಕ್ವೆರಿ ಬರೆಯಿರಿ

ಪದಗಳಿಗೊಂದು, ಅರ್ಥಗಳಿಗೊಂದು ಎಂದು ಎರಡು ಕೋಷ್ಟಕಗಳು ಸಾಕು. ಹುಡುಕುವ ಕೀಲಿಯ ಮೇಲೆ ಒಂದು ಇಂಡೆಕ್ಸ್, ಅರ್ಥಗಳ ಕೋಷ್ಟಕದಲ್ಲಿ ಪದದ ಸಂಖ್ಯೆಯ ಮೇಲೆ ಇನ್ನೊಂದು. ಒಂದೇ ಕೀಲಿಗೆ ಹಲವು ಪದನಮೂದುಗಳಿರಬಹುದಾದ್ದರಿಂದ ಇಂಡೆಕ್ಸ್ ‘ಯುನೀಕ್’ ಆಗಿರಬಾರದು.

ಎಸ್‌ಕ್ಯೂಲೈಟ್ ಇಂಡೆಕ್ಸ್ ಅನ್ನು 4,096 ಬೈಟ್‌ಗಳ ಪುಟಗಳಲ್ಲಿ ಬಿ-ಟ್ರೀ ಆಗಿ, ಅಂದರೆ ಕೀಲಿಗಳನ್ನು ಕ್ರಮವಾಗಿ ಜೋಡಿಸಿದ ಮರದ ರೂಪದಲ್ಲಿ, ಇಡುತ್ತದೆ. ನಮ್ಮ ಗಾತ್ರದ ಕೀಲಿಗಳು ಪುಟವೊಂದಕ್ಕೆ ಸುಮಾರು ನೂರು ಹಿಡಿಯುತ್ತವೆ. ನೂರು × ನೂರು × ನೂರು ಎಂದರೆ ಹತ್ತು ಲಕ್ಷ, ಹಾಗಾಗಿ ಒಂದೂವರೆ ಲಕ್ಷ ಪದಗಳಲ್ಲಿ ಒಂದನ್ನು ಹುಡುಕಲು ಮೂರು ಪುಟ ನೋಡಿದರೆ ಸಾಕು. ಆದರೆ ಕ್ವೆರಿ ಆ ಇಂಡೆಕ್ಸ್ ಅನ್ನು ನಿಜವಾಗಿ ಬಳಸಬೇಕು, ಅಲ್ಲೇ ಹೆಚ್ಚಿನವರು ಎಡವುವುದು.

ಟೈಪ್ ಮಾಡುತ್ತಿರುವಾಗ ಸೂಚನೆ ಕೊಡಲು ಎಲ್ಲರ ಕೈಯೂ ಮೊದಲು ಹೋಗುವುದು ‘ಲೈಕ್’ ಕಡೆಗೆ: ‘ಮರ’ದಿಂದ ಆರಂಭವಾಗುವ ಪದಗಳು, ಕೊನೆಗೊಂದು ಶೇಕಡಾ ಚಿಹ್ನೆ. ಎಸ್‌ಕ್ಯೂಲೈಟ್‌ನಲ್ಲಿ ಲೈಕ್ ಮೂಲತಃ ಇಂಗ್ಲಿಷ್‌ನ ದೊಡ್ಡ-ಚಿಕ್ಕ ಅಕ್ಷರಗಳನ್ನು ಒಂದೇ ಎಂದು ಎಣಿಸುವುದರಿಂದ, ಸಾಮಾನ್ಯ ಇಂಡೆಕ್ಸ್ ಅದಕ್ಕೆ ಒದಗುವುದಿಲ್ಲ. ಅದು ಒಂದೂವರೆ ಲಕ್ಷ ಪದಗಳನ್ನೂ ಒಂದೊಂದಾಗಿ ನೋಡುತ್ತದೆ. ದೊಡ್ಡ-ಚಿಕ್ಕ ಅಕ್ಷರಗಳೇ ಇಲ್ಲದ ಲಿಪಿಗೆ ಈ ದಂಡ ಏಕೆ ಕಟ್ಟಬೇಕು?

ಬದಲಿಗೆ ವ್ಯಾಪ್ತಿಯ ಕ್ವೆರಿ ಬರೆಯಿರಿ. ಯುಟಿಎಫ್-8ರ ಬೈಟ್ ಕ್ರಮವೂ ಕೋಡ್‌ಪಾಯಿಂಟ್ ಕ್ರಮವೂ ಒಂದೇ. ಹಾಗಾಗಿ ‘ಮರ’ದಿಂದ ಆರಂಭವಾಗುವ ಪದಗಳು ಎಂದರೆ ‘ಮರ’ಕ್ಕೆ ಸಮ ಅಥವಾ ಅದಕ್ಕಿಂತ ದೊಡ್ಡದಾದ, ‘ಮಱ’ಕ್ಕಿಂತ ಚಿಕ್ಕದಾದ ಕೀಲಿಗಳು. ಯೂನಿಕೋಡ್‌ನಲ್ಲಿ ರಕಾರದ ಮುಂದಿನ ಸ್ಥಾನ ಹಳಗನ್ನಡದ ಱಕಾರದ್ದು. ಕೊನೆಯ ಕೋಡ್‌ಪಾಯಿಂಟ್‌ಗೆ ಒಂದನ್ನು ಕೂಡಿಸಿದರೆ ಮೇಲಿನ ಗಡಿ ಸಿಗುತ್ತದೆ. ಮರಗೆಲಸ, ಮರಳು, ಮರಿ, ಮರುಳು, ಮರೆ ಎಲ್ಲವೂ ಈ ಎರಡು ಗಡಿಗಳ ನಡುವೆ ಸಾಲಾಗಿ ಕುಳಿತಿರುತ್ತವೆ. ಬಳಕೆದಾರರು ‘ಮರಿ’ ಎಂದು ಬರೆಯಲು ಹೊರಟು ‘ಮರ’ದವರೆಗೆ ಬಂದಿರಬಹುದಾದ್ದರಿಂದ, ಗುಣಿತಾಕ್ಷರದ ಪದಗಳೂ ಇಲ್ಲಿ ಬರುವುದು ನಮಗೆ ಬೇಕಾದದ್ದೇ. ಇಪ್ಪತ್ತು ಸಾಲಿಗೆ ಮಿತಿ ಹಾಕಿದರೆ ಇಂಡೆಕ್ಸ್‌ನ ಒಂದೆರಡು ಪುಟಗಳಲ್ಲೇ ಉತ್ತರ ಮುಗಿಯುತ್ತದೆ.

ಬರೆದ ಪ್ರತಿ ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್ ಕ್ವೆರಿ ಪ್ಲ್ಯಾನ್’ ಸೇರಿಸಿ ಓಡಿಸಿ ನೋಡಿ. ‘ಸರ್ಚ್’ ಎಂದು ಬಂದರೆ ಇಂಡೆಕ್ಸ್ ಮೂಲಕ ನೇರ ಜಾಗಕ್ಕೆ ಹೋಗುತ್ತಿದೆ. ‘ಸ್ಕ್ಯಾನ್’ ಎಂದು ಬಂದರೆ ಕೋಷ್ಟಕವನ್ನೋ ಇಂಡೆಕ್ಸನ್ನೋ ಮೊದಲಿನಿಂದ ಕೊನೆಯವರೆಗೆ ಓದುತ್ತಿದೆ. ಈ ಉತ್ತರವನ್ನು ಪರೀಕ್ಷೆಯಲ್ಲೇ ತಪಾಸಣೆ ಮಾಡಿದರೆ ಮುಂದೆ ಯಾರಾದರೂ ಕ್ವೆರಿ ಬದಲಿಸಿ ಇಂಡೆಕ್ಸ್ ತಪ್ಪಿಸಿದಾಗ ಅದು ಬಳಕೆದಾರರಿಗೆ ತಲುಪುವ ಮೊದಲೇ ಗೊತ್ತಾಗುತ್ತದೆ.

ಇಂಗ್ಲಿಷ್ ಪದ ಕೊಟ್ಟು ಕನ್ನಡ ಹುಡುಕುವ ಸೌಲಭ್ಯ ಮುಂದೆ ಬೇಕಾದರೆ ಎಸ್‌ಕ್ಯೂಲೈಟ್‌ನದೇ ಪೂರ್ಣಪಠ್ಯ ಹುಡುಕಾಟದ ಎಫ್‌ಟಿಎಸ್5 ಸಾಕು. ಆದರೆ ಅದನ್ನು ಕನ್ನಡ ಪಠ್ಯದ ಮೇಲೆ ಹಾಗೆಯೇ ಓಡಿಸಬೇಡಿ. ಪಠ್ಯವನ್ನು ಪದಗಳಾಗಿ ಬಿಡಿಸುವ ಅದರ ಡೀಫಾಲ್ಟ್ ಟೋಕನೈಸರ್ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಪದದ ಭಾಗವೆಂದು ಎಣಿಸುತ್ತದೆ; ನಮ್ಮ ಸ್ವರಚಿಹ್ನೆಗಳು ಯೂನಿಕೋಡ್‌ನ ಬೇರೆ ವರ್ಗಕ್ಕೆ ಸೇರಿರುವುದರಿಂದ ಅವುಗಳನ್ನು ಪದದ ಗಡಿಯೆಂದು ತಿಳಿದು ಕತ್ತರಿಸುತ್ತದೆ. ‘ಕಾಡು’ ಮತ್ತು ‘ಕೊಡೆ’ ಎರಡೂ ಕ, ಡ ಎಂಬ ಎರಡು ತುಂಡುಗಳಾಗಿ ಒಂದೇ ಆಗಿಬಿಡುತ್ತವೆ. ಟೋಕನೈಸರ್‌ಗೆ ಚಿಹ್ನೆಗಳ ವರ್ಗಗಳನ್ನೂ ಸೇರಿಸಿಕೊಳ್ಳುವಂತೆ ಆಯ್ಕೆ ಕೊಟ್ಟರೆ ಇದು ಸರಿಯಾಗುತ್ತದೆ.

ಹಂತ 6: ವಿಭಕ್ತಿ ಪ್ರತ್ಯಯಗಳನ್ನು ಸರಳ ದಾರಿಯಲ್ಲಿ ನಿಭಾಯಿಸಿ

ಓದುತ್ತಿರುವ ಪಠ್ಯದಿಂದ ಪದವನ್ನು ನಕಲು ಮಾಡಿ ತಂದವರು ‘ಮನೆಯಲ್ಲಿ’ ಎಂದು ಹಾಕುತ್ತಾರೆ, ನಿಘಂಟಿನಲ್ಲಿರುವುದು ‘ಮನೆ’. ಕನ್ನಡದ ಪದರಚನೆಯನ್ನು ಪೂರ್ತಿಯಾಗಿ ಬಿಡಿಸುವ ವಿಶ್ಲೇಷಕ ಕಟ್ಟುವುದು ವರ್ಷಗಟ್ಟಲೆಯ ಕೆಲಸ. ಅದಕ್ಕೆ ಕೈಹಾಕುವ ಮೊದಲು, ಅದಕ್ಕಿಂತ ಸಣ್ಣ ದಾರಿ ಎಷ್ಟು ದೂರ ಒಯ್ಯುತ್ತದೆ ಎಂದು ನೋಡಬೇಕು.

ಪದ ಸಿಗದಿದ್ದರೆ ಕೊನೆಯಿಂದ ಒಂದೊಂದೇ ಕೋಡ್‌ಪಾಯಿಂಟ್ ಕಳಚುತ್ತ ಪ್ರತಿ ಬಾರಿಯೂ ಹುಡುಕಿ, ಮೊದಲು ಸಿಕ್ಕ ಪದದಲ್ಲಿ ನಿಲ್ಲಿ. ‘ಮನೆಯಲ್ಲಿ’ ಹೀಗೆ ‘ಮನೆ’ಗೆ ಬಂದು ನಿಲ್ಲುತ್ತದೆ, ‘ಹುಡುಗನಿಗೆ’ಯಿಂದ ‘ಹುಡುಗ’ ಸಿಗುತ್ತದೆ. ಆದರೆ ‘ಕಾಡಿನಲ್ಲಿ’ ಎಂಬುದು ಕಳಚುತ್ತ ಹೋದರೆ ‘ಕಾಡ’ಕ್ಕೆ ಬರುತ್ತದೆಯೇ ಹೊರತು ‘ಕಾಡು’ವಿಗೆ ಬರುವುದಿಲ್ಲ, ಏಕೆಂದರೆ ಲೋಪಸಂಧಿಯಲ್ಲಿ ಪದಾಂತ್ಯದ ಉಕಾರ ಬಿದ್ದುಹೋಗಿದೆ. ವ್ಯಂಜನದಲ್ಲಿ ನಿಂತಾಗಲೆಲ್ಲ ಒಂದು ಕೊಂಬು ಸೇರಿಸಿಯೂ ಹುಡುಕುವ ನಿಯಮ ಸೇರಿಸಿದರೆ ಕಾಡು, ಊರು, ಹಾಡು, ನಾಡು ಎಲ್ಲವೂ ಸಿಗುತ್ತವೆ. ಎರಡು ಅಕ್ಷರಕ್ಕಿಂತ ಕೆಳಗೆ ಇಳಿಯಬೇಡಿ, ಇಲ್ಲದಿದ್ದರೆ ಸಂಬಂಧವೇ ಇಲ್ಲದ ಪದಗಳು ಎದುರಾಗುತ್ತವೆ. ಹೀಗೆ ಸಿಕ್ಕ ಪದವನ್ನು ‘ಮೂಲಪದ ಇದಿರಬಹುದು’ ಎಂಬ ಸೂಚನೆಯೊಂದಿಗೆ ತೋರಿಸುವುದು ಪ್ರಾಮಾಣಿಕತೆ.

ಕ್ರಿಯಾಪದಗಳು ಈ ಬಲೆಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ. ‘ಬಂದನು’ ಎಷ್ಟು ಕಳಚಿದರೂ ‘ಬರು’ ಆಗುವುದಿಲ್ಲ. ಇಂಥವಕ್ಕೆ ಒಂದು ಸಣ್ಣ ಕೋಷ್ಟಕ ಸಾಕು: ಬಂದ ಎಂದರೆ ಬರು, ತಂದ ಎಂದರೆ ತರು, ನಿಂತ ಎಂದರೆ ನಿಲ್ಲು, ಕೊಟ್ಟ ಎಂದರೆ ಕೊಡು, ಹೋದ ಎಂದರೆ ಹೋಗು. ‘ಬಂದನು’ ಕಳಚುತ್ತ ‘ಬಂದ’ಕ್ಕೆ ಬಂದಾಗ ಈ ಕೋಷ್ಟಕದಲ್ಲಿ ಸಿಕ್ಕಿಬೀಳುತ್ತದೆ. ಈ ವಿನ್ಯಾಸದಲ್ಲಿ ನನಗೆ ಅತ್ಯಂತ ಇಷ್ಟವಾಗುವುದು, ಪ್ರೋಗ್ರಾಮಿಂಗ್ ಗೊತ್ತಿಲ್ಲದ ಕನ್ನಡ ಅಧ್ಯಾಪಕರೊಬ್ಬರು ಆ ಕೋಷ್ಟಕವನ್ನು ಓದಿ ತಪ್ಪು ತಿದ್ದಬಹುದು ಎಂಬುದು.

ವೇಗದ ಲೆಕ್ಕವನ್ನೂ ನೋಡೋಣ. ‘ಕಾಡಿನಲ್ಲಿ’ ಪದದಲ್ಲಿ ಒಂಬತ್ತು ಕೋಡ್‌ಪಾಯಿಂಟ್‌ಗಳಿವೆ. ಪ್ರತಿ ಹೆಜ್ಜೆಗೂ ಎರಡು ಹುಡುಕಾಟವೆಂದರೂ ಹದಿನೆಂಟನ್ನು ಮೀರುವುದಿಲ್ಲ. ಪ್ರೋಗ್ರಾಮಿನೊಳಗೇ ಇರುವ ಡೇಟಾಬೇಸ್‌ನಲ್ಲಿ ಅವೆಲ್ಲ ಸೇರಿ ಒಂದು ಮಿಲಿಸೆಕೆಂಡ್‌ನೊಳಗೆ ಮುಗಿಯುವಂಥವು. ಅದೇ ಡೇಟಾಬೇಸ್ ಬೇರೆ ಯಂತ್ರದಲ್ಲಿದ್ದರೆ ಜಾಲದ ಓಡಾಟಕ್ಕೇ 9 ಮಿಲಿಸೆಕೆಂಡ್ ಬೇಕು, ನಮ್ಮ 5 ಮಿಲಿಸೆಕೆಂಡ್ ಮಿತಿ ಅಲ್ಲಿಗೇ ಮುರಿಯಿತು. ಆಗ ಎಲ್ಲ ರೂಪಗಳನ್ನೂ ಒಂದೇ ಕ್ವೆರಿಗೆ ತುರುಕುವ ಕಸರತ್ತು ಆರಂಭವಾಗುತ್ತಿತ್ತು. ಮೂರನೆಯ ಹಂತದಲ್ಲಿ ಬಿಡಿಭಾಗ ಕಡಿಮೆ ಮಾಡಿದ್ದರಿಂದ ಆರನೆಯ ಹಂತದ ಕೋಡ್ ಒಂದು ಸಾಧಾರಣ ಲೂಪ್ ಆಗಿ ಉಳಿದಿದೆ.

ಹಂತ 7: ದೂರ ಮತ್ತು ಪುಟದ ತೂಕ

ಬೆಳಕು ಫೈಬರ್‌ನಲ್ಲಿ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್, ಅಂದರೆ ಮಿಲಿಸೆಕೆಂಡಿಗೆ 200 ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ ನೇರ ಗೆರೆ ಎಳೆದರೂ 13,000 ಕಿಲೋಮೀಟರ್ ದಾಟುತ್ತದೆ. ಹೋಗಿ ಬರಲು ಕನಿಷ್ಠ 130 ಮಿಲಿಸೆಕೆಂಡ್ ಬೇಕು. ಹೊಸ ಸಂಪರ್ಕವೊಂದರಲ್ಲಿ ಸಂಪರ್ಕ ತೆರೆಯುವ ಟಿಸಿಪಿಗೆ ಒಂದು ಸುತ್ತು, ಅದನ್ನು ಗೂಢಲಿಪಿಯಿಂದ ಭದ್ರಪಡಿಸುವ ಟಿಎಲ್‌ಎಸ್ 1.3ಕ್ಕೆ ಒಂದು ಸುತ್ತು, ವಿನಂತಿಗೆ ಒಂದು ಸುತ್ತು ಎಂದರೆ ಮೊದಲ ಬೈಟ್ ಬರುವಷ್ಟರಲ್ಲಿ 390 ಮಿಲಿಸೆಕೆಂಡ್ ಕಳೆದಿರುತ್ತದೆ. ಸರ್ವರ್ ಮುಂಬೈನಲ್ಲಿದ್ದರೆ ಇದೇ ಲೆಕ್ಕ 30 ಮಿಲಿಸೆಕೆಂಡ್ ಆಸುಪಾಸಿಗೆ ಇಳಿಯುತ್ತದೆ. ನಿಮ್ಮ ಬಹುಪಾಲು ಓದುಗರು ಕರ್ನಾಟಕದಲ್ಲಿದ್ದರೆ ಸರ್ವರ್ ಭಾರತದಲ್ಲೇ ಇರಲಿ. ಕೋಡ್‌ನಲ್ಲಿ ಎಷ್ಟೇ ಜಾಣ್ಮೆ ತೋರಿಸಿದರೂ ಆ ದೂರ ಕರಗುವುದಿಲ್ಲ.

ಹೊಸ ಸಂಪರ್ಕದಲ್ಲಿ ಸರ್ವರ್ ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಹತ್ತು ಪ್ಯಾಕೆಟ್‌ಗಳನ್ನು ಕಳಿಸುತ್ತದೆ. ಅದು ಸುಮಾರು 14 ಕಿಲೋಬೈಟ್. ಪುಟ ಅಷ್ಟರೊಳಗೆ ಹಿಡಿದರೆ ಇನ್ನೊಂದು ಸುತ್ತಿಗೆ ಕಾಯಬೇಕಿಲ್ಲ. ಕನ್ನಡಕ್ಕೆ ಅಕ್ಷರಕ್ಕೆ ಮೂರು ಬೈಟ್ ಎಂಬುದು ಇಲ್ಲಿ ಅಷ್ಟೇನೂ ಹೊರೆಯಲ್ಲ: ಆ ಮೂರರಲ್ಲಿ ಮೊದಲನೆಯ ಬೈಟ್ ಸದಾ ಒಂದೇ, ಎರಡನೆಯದಕ್ಕೆ ಇರುವುದು ಎರಡೇ ಬೆಲೆ, ಹಾಗಾಗಿ ಜಿಜಿಪ್ ಅದನ್ನು ಚೆನ್ನಾಗಿ ಸಂಕುಚಿಸುತ್ತದೆ. ಪುಟವನ್ನು ಸರ್ವರ್‌ನಲ್ಲೇ ಪೂರ್ಣ ಎಚ್‌ಟಿಎಂಎಲ್ ಆಗಿ ತಯಾರಿಸಿ ಕಳಿಸಿ. ಸೂಚನೆಗಳಿಗೆ ಬೇಕಾದ ಜಾವಾಸ್ಕ್ರಿಪ್ಟ್ ಚಿಕ್ಕದು: ಟೈಪ್ ಮಾಡುವುದು ನಿಂತು 150 ಮಿಲಿಸೆಕೆಂಡ್ ಆದ ಮೇಲೆ ಕೇಳಬೇಕು, ತಡವಾಗಿ ಬಂದ ಹಳೆಯ ಉತ್ತರವನ್ನು ಕಡೆಗಣಿಸಬೇಕು. ಜಾವಾಸ್ಕ್ರಿಪ್ಟ್ ಓಡದಿದ್ದರೂ ಫಾರಂ ಒತ್ತಿದರೆ ಅರ್ಥ ಬರುವಂತಿರಲಿ.

ವೆಬ್ ಫಾಂಟ್ ಬೇಡ. ಒತ್ತಕ್ಷರಗಳಿಂದಾಗಿ ಕನ್ನಡ ಫಾಂಟ್ ಕಡತಗಳು ಲ್ಯಾಟಿನ್ ಫಾಂಟ್‌ಗಳಿಗಿಂತ ಭಾರವಾಗಿರುತ್ತವೆ, ಮತ್ತು ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆ್ಯಪಲ್ ಸಾಧನಗಳಲ್ಲಿ ಕನ್ನಡ ಸಂಗಮ್ ಎಂಎನ್ ಈಗಾಗಲೇ ಇವೆ.

ಹಂತ 8: ಅಳೆಯಿರಿ, ಆಮೇಲೆ ಮುಟ್ಟಿ

ಸರಾಸರಿ ನಂಬಬೇಡಿ. ಸಾವಿರ ವಿನಂತಿಗಳಲ್ಲಿ 990 ಐದೈದು ಮಿಲಿಸೆಕೆಂಡ್ ತೆಗೆದುಕೊಂಡು, ಹತ್ತು ವಿನಂತಿಗಳು ತಲಾ ಎರಡು ಸೆಕೆಂಡ್ ತೆಗೆದುಕೊಂಡರೆ ಸರಾಸರಿ 25 ಮಿಲಿಸೆಕೆಂಡ್ ಮಾತ್ರ. ಆ ಹತ್ತು ಜನ ಅದರಲ್ಲಿ ಕಾಣುವುದೇ ಇಲ್ಲ. ಪ್ರತಿ ವಿನಂತಿಯ ಸಮಯವನ್ನು ಲಾಗ್‌ನಲ್ಲಿ ಒಂದು ಸಾಲಾಗಿ ಬರೆದು, ಅವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ನೂರರಲ್ಲಿ 50ನೆಯ, 95ನೆಯ, 99ನೆಯ ಸ್ಥಾನದ ಬೆಲೆಗಳನ್ನು ನೋಡಿ. ಪರೀಕ್ಷೆಗೆ ನಿಘಂಟಿನ ಪದಗಳನ್ನಷ್ಟೇ ಕೊಟ್ಟರೆ ಆರನೆಯ ಹಂತದ ಲೂಪ್ ಒಮ್ಮೆಯೂ ಓಡುವುದಿಲ್ಲ. ಆದ್ದರಿಂದ ಕನ್ನಡ ವಿಕಿಪೀಡಿಯದ ಲೇಖನವೊಂದರ ಪದಗಳನ್ನೆಲ್ಲ ಬಿಡಿಸಿ ಅವನ್ನೇ ಕೊಡಿ. ವಿಭಕ್ತಿ, ಸಂಧಿ, ಅಂಕಿ, ತಪ್ಪು ಕಾಗುಣಿತ ಎಲ್ಲವೂ ಅದರಲ್ಲಿರುತ್ತವೆ.

ಮಿತಿ ಮೀರಿದ್ದು ಕಂಡರೆ ಪ್ರೊಫೈಲರ್ ಹಚ್ಚಿ ಸಮಯ ಎಲ್ಲಿ ಹೋಗುತ್ತಿದೆ ಎಂದು ನೋಡಿ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದದ ಸಾರ ಇಲ್ಲಿ ಸದಾ ನೆನಪಿರಬೇಕು: ಒಟ್ಟು 200 ಮಿಲಿಸೆಕೆಂಡ್‌ನಲ್ಲಿ ಕ್ವೆರಿಗೆ ಹತ್ತು ಮಾತ್ರ ಹೋಗುತ್ತಿದ್ದರೆ, ಕ್ವೆರಿಯನ್ನು ಸೊನ್ನೆಗೆ ಇಳಿಸಿದರೂ ಗಳಿಕೆ ನೂರಕ್ಕೆ ಐದೇ. ಅವಸರದ ಆಪ್ಟಿಮೈಸೇಶನ್ ಬೇಡವೆಂಬ ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಅವರ 1974ರ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಸಣ್ಣಪುಟ್ಟ ದಕ್ಷತೆಯನ್ನು ನೂರಕ್ಕೆ 97ರಷ್ಟು ಸಂದರ್ಭಗಳಲ್ಲಿ ಮರೆಯಬೇಕೆಂದ ಅವರು, ನಿರ್ಣಾಯಕವಾದ ಉಳಿದ ಮೂರರಲ್ಲಿ ಅವಕಾಶ ಬಿಡಬಾರದೆಂದೂ ಅಲ್ಲಿಯೇ ಹೇಳಿದ್ದರು. ಆ ಮೂರು ಎಲ್ಲಿವೆ ಎಂದು ತೋರಿಸುವುದು ಅಳತೆಯೊಂದೇ.

ಹಂತ 9: ಹೊಸ ದತ್ತಾಂಶ ಪ್ರಕಟಿಸುವುದು

ಓಡುತ್ತಿರುವ ಕಡತವನ್ನು ತಿದ್ದಬೇಡಿ. ಮೂಲ ಪಠ್ಯದಿಂದ ಪ್ರತಿ ಸಲವೂ ಹೊಸ ಎಸ್‌ಕ್ಯೂಲೈಟ್ ಕಡತವನ್ನು ಪೂರ್ತಿಯಾಗಿ ತಯಾರಿಸಿ, ಪರೀಕ್ಷೆಗಳನ್ನು ಓಡಿಸಿ, ದಿನಾಂಕ ಸೇರಿಸಿದ ಹೊಸ ಹೆಸರಿನಲ್ಲಿ ಸರ್ವರ್‌ಗೆ ಕಳಿಸಿ, ಪ್ರೋಗ್ರಾಂ ಅದನ್ನು ತೆರೆಯುವಂತೆ ಮಾಡಿ ಮರುಪ್ರಾರಂಭಿಸಿ. ಎಡವಟ್ಟಾದರೆ ಹಳೆಯ ಹೆಸರಿಗೆ ಮರಳಿದರಾಯಿತು. ಕಡತವನ್ನು ಓದುವುದಕ್ಕೆ ಮಾತ್ರ ತೆರೆಯುವುದರಿಂದ ಲಾಕ್‌ಗಳ ಪ್ರಶ್ನೆ ಏಳುವುದಿಲ್ಲ. ಕಡತದ ದಿನಾಂಕವನ್ನೇ ಇಟ್ಯಾಗ್ (ಉತ್ತರದ ಆವೃತ್ತಿಯನ್ನು ಬ್ರೌಸರ್‌ಗೆ ತಿಳಿಸುವ ಗುರುತು) ಆಗಿ ಕಳಿಸಿದರೆ ಬ್ರೌಸರ್‌ಗಳು ಹಳೆಯ ಉತ್ತರವನ್ನು ಸುರಕ್ಷಿತವಾಗಿ ಮರುಬಳಸುತ್ತವೆ, ಮತ್ತು ನಮಗೆ ಬೇಕಾದ ಕ್ಯಾಶ್ ಅಷ್ಟೇ.

ಹಂತ 10: ಜಟಿಲತೆಯನ್ನು ಯಾವಾಗ ಒಳಗೆ ಬಿಡಬೇಕು

ಸರಳತೆಗೆ ಗಡಿಯಿದೆ, ಆ ಗಡಿಯನ್ನು ಮೊದಲೇ ಗುರುತಿಸಿ ಬರೆದಿಡುವುದೂ ವಿನ್ಯಾಸದ ಭಾಗ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಲು ಸಾಧ್ಯ. 2010ರಲ್ಲಿ ಬಂದ, ಬದಲಾವಣೆಗಳನ್ನು ಮೊದಲು ಬೇರೊಂದು ಲಾಗ್ ಕಡತಕ್ಕೆ ಬರೆಯುವ ‘ವಾಲ್’ (WAL) ವಿಧಾನದಲ್ಲಿ ಬರೆಯುವಾಗಲೂ ಓದುವವರು ನಿಲ್ಲಬೇಕಿಲ್ಲ, ಆದರೆ ಬರೆಯುವವರು ಸಾಲಿನಲ್ಲೇ ನಿಲ್ಲಬೇಕು. ಓದುಗರು ಹೊಸ ಪದಗಳನ್ನು ಸೂಚಿಸುವ ಸೌಲಭ್ಯ ಕೊಡುವುದಾದರೆ, ಸೂಚನೆಗಳನ್ನು ನಿಘಂಟಿನ ಕಡತಕ್ಕೆ ಸೇರಿಸದೆ ಬೇರೆಯೇ ಒಂದು ಸಣ್ಣ ಕಡತದಲ್ಲಿ ಇಡಿ. ಸಂಪಾದಕರು ಒಪ್ಪಿದ ಮೇಲೆ ಮುಂದಿನ ತಯಾರಿಯಲ್ಲಿ ಅವು ನಿಘಂಟಿಗೆ ಬರಲಿ. ಹತ್ತಾರು ಸಂಪಾದಕರು ಏಕಕಾಲಕ್ಕೆ ನಮೂದುಗಳನ್ನು ತಿದ್ದುವ ಕಾಲ ಬಂದರೆ ಸಂಪಾದನೆಯ ಭಾಗವನ್ನು ಮಾತ್ರ ಪ್ರತ್ಯೇಕ ಸರ್ವರ್ ಆಗಿ ಓಡುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಒಯ್ಯಿರಿ, ಓದುವ ಸೇವೆ ಈಗಿರುವಂತೆಯೇ ಇರಲಿ.

ಮೂಲಪದದ ಊಹೆಯ ವಿಷಯದಲ್ಲಿ ನಿರ್ಧಾರ ಲಾಗ್‌ನಿಂದ ಬರಬೇಕು. ಸಿಗದೆ ಹೋದ ಪದಗಳನ್ನು, ಅವನ್ನು ಹುಡುಕಿದವರ ಯಾವ ವಿವರವನ್ನೂ ಉಳಿಸಿಕೊಳ್ಳದೆ, ಒಂದು ಕಡೆ ಎಣಿಸುತ್ತಾ ಬನ್ನಿ. ಪಟ್ಟಿಯ ಮೇಲ್ತುದಿಯಲ್ಲಿ ‘ಹೇಳಿದ್ದಾರೆ’, ‘ಮಾಡಿಕೊಂಡರು’ ಮುಂತಾದ ಸಾಮಾನ್ಯ ರೂಪಗಳಿದ್ದರೆ ಕೋಷ್ಟಕಕ್ಕೆ ಕೆಲವು ಸಾಲು ಸೇರಿಸಿದರೆ ಸಾಕು. ಹೀಗೆ ಸೇರಿಸುತ್ತ ಹೋದ ಮೇಲೂ ಪಟ್ಟಿ ಕುಗ್ಗದಿದ್ದರೆ, ಉಳಿದವು ಬಹುಪಾಲು ದೀರ್ಘ ಸಂಧಿಪದಗಳೂ ಸಮಾಸಗಳೂ ಆಗಿದ್ದರೆ, ಪದರಚನೆಯ ವಿಶ್ಲೇಷಕವನ್ನು ಕೈಗೆತ್ತಿಕೊಳ್ಳುವ ಸಮಯ ಬಂದಿದೆ. ಆಗಲೂ ಅದನ್ನು ಕಡತ ತಯಾರಿಸುವ ಹಂತದಲ್ಲೇ ಓಡಿಸಿ, ಅದು ಹುಟ್ಟಿಸಿದ ರೂಪಗಳನ್ನು ಮೂಲಪದದ ಸಂಖ್ಯೆಯೊಂದಿಗೆ ಮೂರನೆಯ ಕೋಷ್ಟಕವೊಂದರಲ್ಲಿ ಇಟ್ಟರೆ, ವಿನಂತಿಯ ಹೊತ್ತಿಗೆ ನಡೆಯುವುದು ಮತ್ತೆ ಮೂರು ಪುಟಗಳ ಅದೇ ಹುಡುಕಾಟ.